ಸಣ್ಣ ಮನೆ, ಇಪ್ಪತ್ತು ನಿಮಿಷ: ಇಡೀ ದೇಹಕ್ಕೆ ಬಲ ಬರುವ ವ್ಯಾಯಾಮ ಹೇಳಿಕೊಡಿ

ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಊರು ಶಿರಸಿ ಕಡೆ. ಮದುವೆಯಾದಾಗಿನಿಂದ ಡೊಂಬಿವಲಿಯಲ್ಲಿದ್ದೇನೆ, ಕಚೇರಿ ಮುಂಬಯಿಯ ಫೋರ್ಟಿನಲ್ಲಿ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಒಳಗೆ ಕಾಲಿಡುವುದು ರಾತ್ರಿ ಎಂಟಕ್ಕೆ. ಲೋಕಲ್‌ನಲ್ಲಿ ನಿಂತೇ ಹೋಗುತ್ತೇನೆ, ಕಚೇರಿಯಲ್ಲಿ ಕುಳಿತೇ ಇರುತ್ತೇನೆ. ಮೈಗೆ ದಣಿವು ಇದೆ, ದುಡಿಮೆ ಇಲ್ಲ.

ಕಳೆದ ತಿಂಗಳು ಅತ್ತೆಯವರು ಸ್ನಾನದ ಮನೆಯಲ್ಲಿ ಜಾರಿ ಕುಳಿತುಬಿಟ್ಟರು. ದೇವರ ದಯೆ, ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಅವರನ್ನು ಎಬ್ಬಿಸಲು ನನ್ನಿಂದಾಗಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಲು ಹೋದೆ, ನನ್ನ ಸೊಂಟವೇ ಹಿಡಿದುಕೊಂಡಿತು. ಎದುರು ಮನೆಯ ಕಾಕು ಬಂದು ಕೈಗೂಡಿಸಿದ ಮೇಲೆ ಅವರು ಎದ್ದರು. ಆ ಸ್ಥಿತಿಯಲ್ಲೂ ಅತ್ತೆ ಕೇಳುತ್ತಿದ್ದದ್ದು ‘ನಿನಗೆ ನೋವಾಯಿತೇನೇ’ ಎಂದು. ಅವತ್ತಿನಿಂದ ನನಗೆ ಒಂದೇ ಯೋಚನೆ. ತೂಕ ಇಳಿಯದಿದ್ದರೂ ಪರವಾಗಿಲ್ಲ, ಬಲ ಬೇಕು.

ನನಗಿರುವ ಜಾಗ ಎಂದರೆ ಹಾಲ್‌ನಲ್ಲಿ ಟೀಪಾಯಿ ಸರಿಸಿದರೆ ಒಂದು ಚಾಪೆ ಹಾಸುವಷ್ಟು. ಬೆಳಿಗ್ಗೆ ಮಗಳು ಅಲ್ಲೇ ಪಕ್ಕದಲ್ಲಿ ಮಲಗಿರುತ್ತಾಳೆ. ಧಪಧಪ ಎಂದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ, ಆದ್ದರಿಂದ ಕುಣಿಯುವ, ಜಿಗಿಯುವ ವ್ಯಾಯಾಮ ಬೇಡ. ಡಂಬಲ್ ಇಲ್ಲ, ಕೊಂಡರೂ ಇಡಲು ಜಾಗವಿಲ್ಲ. ಸೂರ್ಯ ನಮಸ್ಕಾರ ಬರುತ್ತದೆ. ಈಗ ಸೊಂಟದ ನೋವು ಹೋಗಿದೆ, ಬಗ್ಗಿದರೂ ಏನೂ ಅನಿಸುವುದಿಲ್ಲ. ಇಪ್ಪತ್ತು ನಿಮಿಷ ಕೊಡಬಲ್ಲೆ. ಏನು ಮಾಡಲಿ?

ಹಿಂಜೆವಾಡಿ ಹುಡುಗ

ಅಕ್ಕಾ, ನಾನು ಪುಣೆಯಲ್ಲಿ ಐಟಿ ಕೆಲಸದಲ್ಲಿದ್ದೇನೆ. ‘ಏಳು ನಿಮಿಷದ ವ್ಯಾಯಾಮ’ ಎಂದು 2013ರಲ್ಲಿ ಅಮೆರಿಕದ ಒಂದು ಕ್ರೀಡಾ ವೈದ್ಯಕೀಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದದ್ದು ಬಹಳ ಜನಪ್ರಿಯ. 12 ವ್ಯಾಯಾಮ, ಪ್ರತಿಯೊಂದೂ 30 ಸೆಕೆಂಡ್, ನಡುವೆ 10 ಸೆಕೆಂಡ್ ಬಿಡುವು. ಒಂದು ಕುರ್ಚಿ, ಒಂದು ಗೋಡೆ ಇದ್ದರೆ ಸಾಕು. ಎರಡು ಸುತ್ತು ಮಾಡಿದರೆ ಹದಿನಾರು ನಿಮಿಷದಲ್ಲಿ ಮುಗಿಯುತ್ತದೆ. ಅದರಲ್ಲಿ ಜಿಗಿತವಿದೆ, ಅದರ ಬದಲು ನಿಂತಲ್ಲೇ ಮೊಣಕಾಲೆತ್ತಿ ನಡೆಯಬಹುದು. ನನ್ನ ಮಟ್ಟಿಗೆ ಒಳ್ಳೆಯ ಪ್ರಯೋಜನವಾಗಿದೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ನಿಂತಿದೆ.

ಗರಡಿ ಮನೆ, ಮುಲುಂಡ್

ತಂಗಿ, ನಾನು ಬೈಲಹೊಂಗಲ ಕಡೆಯವನು. ಅಪ್ಪ ಗರಡಿಯಲ್ಲಿ ಸಾಮು ಮಾಡಿದವರು. ನಾನು ಈ ಮುಂಬಯಿಯಲ್ಲಿ ದೈಹಿಕ ಶಿಕ್ಷಕನಾಗಿ ದುಡಿದು ನಿವೃತ್ತನಾದವನು. ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು, ಏಕೆಂದರೆ ನೀವು ಬಲ ಕೇಳುತ್ತಿದ್ದೀರಿ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ತೂಕ ಇಳಿಸಿಕೊಡಿ ಎನ್ನುತ್ತಾರೆ. ಮೂವತ್ತು ದಾಟಿದ ಮೇಲೆ ಬಳಸದ ಸ್ನಾಯು ದಶಕಕ್ಕೆ ನೂರಕ್ಕೆ 3ರಿಂದ 8ರಷ್ಟು ಸವೆಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿಗೆ ಬಂದಾಗ ಹೆಣ್ಣಿನ ಮೂಳೆಯೂ ಕರಗತೊಡಗುತ್ತದೆ. ಅದಕ್ಕೆ ಮುಂಚೆಯೇ ಕೂಡಿಡಬೇಕಾದದ್ದು ಬಲ.

ಹಿಂಜೆವಾಡಿಯ ತಮ್ಮ ಹೇಳಿದ್ದು ಉಸಿರಿಗೆ ಒಳ್ಳೆಯದು, ಆದರೆ ನಿಮ್ಮ ಕೆಲಸಕ್ಕೆ ಸಾಲದು. ಆ ಹನ್ನೆರಡರಲ್ಲಿ ತಳ್ಳುವುದಿದೆ, ಕುಳಿತೇಳುವುದಿದೆ. ಎಳೆಯುವುದು ಒಂದೂ ಇಲ್ಲ, ನೆಲದಿಂದ ಎತ್ತುವುದೂ ಇಲ್ಲ. ಸೂರ್ಯ ನಮಸ್ಕಾರಕ್ಕೂ ಇದೇ ಮಾತು. ನಮ್ಮ ಪಕ್ಕದ ಔಂಧ್ ಸಂಸ್ಥಾನದ ರಾಜರು ಅದನ್ನು ಶಾಲೆ ಶಾಲೆಗೆ ಒಯ್ದದ್ದು ದೊಡ್ಡ ಉಪಕಾರ, ನಾನೂ ದಿನವೂ ಹಾಕುತ್ತೇನೆ. ಅದರಲ್ಲಿ ಅಂಗೈ ನೆಲವನ್ನು ತಳ್ಳುತ್ತದೆ, ಯಾವುದನ್ನೂ ತನ್ನ ಕಡೆಗೆ ಎಳೆದುಕೊಳ್ಳುವುದಿಲ್ಲ. ಗರಡಿಯವರು ದಂಡ, ಬಸ್ಕಿ ಎರಡರಲ್ಲೇ ನಿಲ್ಲುತ್ತಿರಲಿಲ್ಲ. ಹಗ್ಗ ಹತ್ತುತ್ತಿದ್ದರು, ಗುಂಡುಕಲ್ಲು ಎತ್ತುತ್ತಿದ್ದರು. ದಾದರಿನ ಶಿವಾಜಿ ಪಾರ್ಕಿನಲ್ಲಿ ಮಕ್ಕಳು ಮಲ್ಲಕಂಬ ಹತ್ತುವುದನ್ನು ಒಮ್ಮೆ ನಿಂತು ನೋಡಿ, ಬೆನ್ನಿನ ಬಲ ಎಲ್ಲಿಂದ ಬರುತ್ತದೆ ಎಂದು ತಿಳಿಯುತ್ತದೆ. ಮನೆಯ ವ್ಯಾಯಾಮದಲ್ಲಿ ಬಿಟ್ಟುಹೋಗುವುದೇ ಈ ಎಳೆತ ಮತ್ತು ಎತ್ತುಗೆ. ನಿಮಗೆ ಬೇಕಾಗಿರುವುದೂ ಅವೇ ಎರಡು.

ತೂಕಕ್ಕೆ ಕಚೇರಿಯ ಬೆನ್ನುಚೀಲ ಸಾಕು. ಅದರೊಳಗೆ 5 ಕಿಲೋ ಅಕ್ಕಿಯ ಚೀಲ ಇಡಿ. ಹೆಚ್ಚಿಸಬೇಕಾದಾಗ ಒಂದು ಲೀಟರಿನ ನೀರಿನ ಬಾಟಲಿಗಳನ್ನು ಸೇರಿಸಿ. ಒಂದು ಬಾಟಲಿಗೆ ಒಂದು ಕಿಲೋ, ಲೆಕ್ಕ ಸುಲಭ. ವ್ಯಾಯಾಮ ಮುಗಿದ ಮೇಲೆ ಅಕ್ಕಿ ಡಬ್ಬಕ್ಕೆ, ಚೀಲ ಮೊಳೆಗೆ, ಇಡಲು ಬೇರೆ ಜಾಗ ಬೇಡ.

ಮೊದಲ ಮೂರು ನಿಮಿಷ ಮೈ ಬೆಚ್ಚಗಾಗಲಿ. ನಿಂತಲ್ಲೇ ನಡೆಯಿರಿ, ಹೆಗಲು ತಿರುಗಿಸಿ, ನಿಮಗೆ ಬರುವ ಸೂರ್ಯ ನಮಸ್ಕಾರವನ್ನು ನಿಧಾನವಾಗಿ ಎರಡು ಹಾಕಿ.

ಆಮೇಲೆ ಬಸ್ಕಿ. ಹಿಂದೆ ಗಟ್ಟಿಯಾದ ಕುರ್ಚಿ ಇರಲಿ, ಮೂರು ಎಣಿಸುತ್ತಾ ಇಳಿಯಿರಿ, ಕುರ್ಚಿಗೆ ತಾಗಿದ ಕೂಡಲೇ ಏಳಿ. ಹಿಮ್ಮಡಿ ನೆಲ ಬಿಡಬಾರದು, ಮೊಣಕಾಲು ಒಳಕ್ಕೆ ವಾಲಬಾರದು. ಇದು ಸುಲಭವಾದ ಮೇಲೆ ಚೀಲವನ್ನು ಎದೆಗೆ ಅವುಚಿಕೊಂಡು ಮಾಡಿ.

ಎರಡನೆಯದು ತಳ್ಳುವುದು. ನೆಲದ ಮೇಲೆ ಪುಷ್-ಅಪ್ ಮಾಡಿದರೆ ದೇಹತೂಕದ ನೂರಕ್ಕೆ ಸುಮಾರು 64 ಪಾಲು ಕೈಗಳ ಮೇಲೆ ಬರುತ್ತದೆ. ಶುರುವಿಗೇ ಅಷ್ಟು ಬೇಡ. ಅಡುಗೆ ಕಟ್ಟೆಯ ಅಂಚು ಹಿಡಿದು ಮಾಡಿ, ಕೈ ಎತ್ತರದಲ್ಲಿದ್ದಷ್ಟೂ ಭಾರ ಕಡಿಮೆ. ಕಟ್ಟೆಯ ಗ್ರಾನೈಟನ್ನು ಮೊದಲು ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ, ಒದ್ದೆ ಕಲ್ಲಿನ ಮೇಲೆ ಅಂಗೈ ಜಾರುತ್ತದೆ. ತಲೆಯಿಂದ ಹಿಮ್ಮಡಿಯವರೆಗೆ ಮೈ ಒಂದೇ ಗೆರೆಯಲ್ಲಿರಲಿ, ಸೊಂಟ ಜೋತು ಬೀಳಬಾರದು. ಕಟ್ಟೆ ಹಗುರವಾದಾಗ ಕುರ್ಚಿಗೆ ಇಳಿಯಿರಿ, ಕುರ್ಚಿಯ ಬೆನ್ನು ಗೋಡೆಗೆ ಆನಿಸಿರಬೇಕು.

ಮೂರನೆಯದು ಎತ್ತುವುದು. ಇದನ್ನು ಅವಸರವಿಲ್ಲದೆ ಕಲಿಯಿರಿ, ಮೊದಲ ವಾರವಿಡೀ ಬರಿಗೈಯಲ್ಲಿ. ಗೋಡೆಗೆ ಬೆನ್ನು ಮಾಡಿ ಒಂದು ಅಡಿ ಮುಂದೆ ನಿಲ್ಲಿ. ಮೊಣಕಾಲನ್ನು ಸ್ವಲ್ಪವೇ ಸಡಿಲಿಸಿ, ಕುಂಡೆಯನ್ನು ಹಿಂದಕ್ಕೆ ಒಯ್ದು ಗೋಡೆಗೆ ತಾಗಿಸಿ. ಎರಡೂ ಕೈಯಲ್ಲಿ ಪಾತ್ರೆ ಇರುವಾಗ ಫ್ರಿಜ್ಜಿನ ಬಾಗಿಲನ್ನು ಕುಂಡೆಯಿಂದ ತಳ್ಳಿ ಮುಚ್ಚುತ್ತೀರಲ್ಲ, ಅದೇ ಚಲನೆ. ಎದೆ ತಾನಾಗಿ ಮುಂದಕ್ಕೆ ಬಾಗುತ್ತದೆ, ಬೆನ್ನು ಮಾತ್ರ ನೇರವಾಗಿರುತ್ತದೆ. ತೊಡೆಯ ಹಿಂಭಾಗ ಬಿಗಿಯುವುದು ತಿಳಿದರೆ ಸರಿಯಾಗಿದೆ ಎಂದು ಅರ್ಥ. ನಂತರ ಚೀಲದ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ತೊಡೆಗೆ ಸವರಿಕೊಂಡೇ ಮೊಣಕಾಲಿನ ಕೆಳಗಿನವರೆಗೆ ಇಳಿಸಿ, ಕುಂಡೆ ಬಿಗಿದು ನಿಲ್ಲಿ. ಅವತ್ತು ನಿಮ್ಮ ಸೊಂಟ ಹಿಡಿದದ್ದು, ಭಾರ ಮೈಯಿಂದ ದೂರವಿದ್ದು ಬೆನ್ನು ಗೂನಾಗಿ ಬಾಗಿದ್ದರಿಂದ ಇರಬಹುದು. ಹೀಗೆ ಸೊಂಟದ ಕೀಲಿನಿಂದ ಬಾಗಿದರೆ ಭಾರವನ್ನು ಹೊರುವುದು ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು.

ನಾಲ್ಕನೆಯದು ಎಳೆಯುವುದು. ಎಡಗೈಯನ್ನು ಕುರ್ಚಿಯ ಮೇಲೆ ಊರಿ, ಅದೇ ರೀತಿ ಬಾಗಿ, ಬಲಗೈಯಿಂದ ಚೀಲವನ್ನು ಪಕ್ಕೆಲುಬಿನವರೆಗೆ ಎಳೆದುಕೊಳ್ಳಿ. ಮೊಣಕೈ ಹಿಂದಕ್ಕೆ ಹೋಗಬೇಕು, ಹೆಗಲು ಕಿವಿಯ ಕಡೆ ಏರಬಾರದು. ಆಮೇಲೆ ಕೈ ಬದಲಿಸಿ. ಬಾಗಿಲ ಹಿಡಿಕೆಗೆ ಟವೆಲ್ ಕಟ್ಟಿ ಜಗ್ಗುವುದನ್ನು ಮೊಬೈಲಿನಲ್ಲಿ ತೋರಿಸುತ್ತಾರೆ. ಬಾಡಿಗೆ ಮನೆಗಳ ಹಗುರ ಬಾಗಿಲುಗಳನ್ನು ನಂಬಿ ಅದನ್ನು ಮಾಡಬೇಡಿ.

ಕೊನೆಗೆ ಹೊತ್ತು ನಡೆಯುವುದು. ಚೀಲವನ್ನು ಒಂದು ಕೈಯಲ್ಲಿ ಹಿಡಿದು, ಮೈ ಆ ಬದಿಗೆ ವಾಲದಂತೆ, ಹಾಲ್‌ನಿಂದ ಅಡುಗೆ ಮನೆಗೆ ಹೋಗಿ ಬನ್ನಿ. ಅರ್ಧ ನಿಮಿಷ ಒಂದು ಕೈ, ಅರ್ಧ ನಿಮಿಷ ಇನ್ನೊಂದು ಕೈ. ಹಿಡಿತಕ್ಕೆ, ಹೊಟ್ಟೆಯ ಪಕ್ಕದ ಸ್ನಾಯುಗಳಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಸದ್ದೂ ಇಲ್ಲ.

ಬಸ್ಕಿ, ತಳ್ಳುವುದು, ಎತ್ತುವುದು ತಲಾ 8ರಿಂದ 12 ಸಲ. ಎಳೆಯುವುದು ಪ್ರತಿ ಕೈಗೆ ಅಷ್ಟೇ. ಮೊದಲ ಎರಡು ವಾರ ಎರಡು ಸುತ್ತು, ಆಮೇಲೆ ಮೂರು. ನಡುವೆ ಉಸಿರು ಹದಕ್ಕೆ ಬರುವಷ್ಟೇ ನಿಲ್ಲಿ. ನಿಲ್ಲಿಸಿದಾಗ ‘ಇನ್ನೆರಡು ಆಗುತ್ತಿತ್ತು’ ಅನ್ನಿಸಬೇಕು. ‘ಇನ್ನೂ ಹತ್ತು ಆಗುತ್ತಿತ್ತು’ ಅನ್ನಿಸಿದರೆ ಭಾರ ಕಡಿಮೆಯಾಯಿತು. 12 ಸಲೀಸಾದ ದಿನ ಒಂದು ಬಾಟಲಿ ಸೇರಿಸಿ. ಭಾರ ಏರದಿದ್ದರೆ ವರ್ಷಗಟ್ಟಲೆ ಮಾಡಿದರೂ ಬಲ ಇದ್ದಲ್ಲೇ ಇರುತ್ತದೆ.

ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವಿರಲಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೂಡ ಸ್ನಾಯು ಬಲಪಡಿಸುವ ವ್ಯಾಯಾಮ ವಾರದಲ್ಲಿ ಕನಿಷ್ಠ ಎರಡು ದಿನ ಬೇಕು ಎನ್ನುತ್ತದೆ.

ಮಾಟುಂಗಾ ಮಾಮಿ

ಮಗಳೇ, ನಿನ್ನ ಅತ್ತೆಯ ವಯಸ್ಸಿನವಳು ನಾನು, 68. ಮೇಷ್ಟ್ರು ಹೇಳಿದ ಕುರ್ಚಿಯ ಬಸ್ಕಿಯನ್ನು ನನಗೆ ಫಿಸಿಯೋಥೆರಪಿಯವರೂ ಕಲಿಸಿದ್ದಾರೆ. ನಿನ್ನ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡು. ನೀನು ಎಷ್ಟೇ ಬಲಶಾಲಿಯಾದರೂ ಹಗಲಿನಲ್ಲಿ ನೀನು ಫೋರ್ಟಿನಲ್ಲಿರುತ್ತೀಯ, ಅವರು ಒಬ್ಬರೇ ಇರುತ್ತಾರೆ. ಅವರ ಕಾಲಿಗೂ ಶಕ್ತಿ ಬರಲಿ. ನಾನು ಮೊದಲು ಕುರ್ಚಿಯ ಕೈ ಹಿಡಿದು ಏಳುತ್ತಿದ್ದೆ, ಈಗ ಕೈಗಳನ್ನು ಎದೆಯ ಮೇಲಿಟ್ಟು ಏಳುತ್ತೇನೆ. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ಯಾರ ಕೈಯನ್ನೂ ಹಿಡಿಯದೆ ಹೋಗಿ ಬರುತ್ತೇನೆ ಎನ್ನುವುದು ನನಗೆ ಸಣ್ಣ ವಿಷಯವಲ್ಲ.

ಮೇಷ್ಟ್ರೇ, ನನಗೆ ರಕ್ತದೊತ್ತಡಕ್ಕೆ ಮಾತ್ರೆ ಇದೆ. ಚೀಲ ಎತ್ತಬಹುದೇ?

ಡೊಂಬಿವಲಿ ಪೂರ್ವ

ಸರ್, ಇಷ್ಟು ಬಿಡಿಸಿ ಬರೆದದ್ದಕ್ಕೆ ಕೃತಜ್ಞತೆ. ಗೋಡೆಗೆ ತಾಗಿಸಿ ಬಾಗುವುದನ್ನು ಈಗಲೇ ಮಾಡಿ ನೋಡಿದೆ. ತೊಡೆಯ ಹಿಂದೆ ಬಿಗಿಯಿತು, ಸೊಂಟಕ್ಕೆ ಏನೂ ಆಗಲಿಲ್ಲ. ಮಾಮಿ, ನಿಮ್ಮ ಮಾತನ್ನು ಅತ್ತೆಗೆ ಓದಿ ಹೇಳಿದೆ, ನಾಳೆಯಿಂದ ಅವರೂ ಕುಳಿತೇಳುತ್ತಾರಂತೆ.

ಎರಡು ಪ್ರಶ್ನೆ ಉಳಿದಿವೆ. ಬಸ್ಕಿ ಮಾಡುವಾಗ ಮೊಣಕಾಲು ಲಟಕ್ ಎನ್ನುತ್ತದೆ, ನೋವಿಲ್ಲ. ಮುಂದುವರಿಸಬಹುದೇ? ಇನ್ನೊಂದು, ಬಲ ಬರಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಅತ್ತೆ ಮತ್ತೆ ಜಾರಿದರೆ ಏನು ಮಾಡಲಿ?

ಗರಡಿ ಮನೆ, ಮುಲುಂಡ್

ಮೊದಲು ಮಾಟುಂಗಾದ ಅಕ್ಕನವರಿಗೆ. ಒತ್ತಡ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ಹಗುರ ಭಾರಕ್ಕೆ ಅಡ್ಡಿಯಿಲ್ಲ, ಆದರೂ ನಿಮ್ಮ ವೈದ್ಯರನ್ನು ಕೇಳಿಯೇ ಶುರುಮಾಡಿ. ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ, ಒತ್ತಡ ಏರುವುದು ಅಲ್ಲೇ. ಏಳುವಾಗ ಉಸಿರು ಬಿಡಿ, ಇಳಿಯುವಾಗ ತೆಗೆದುಕೊಳ್ಳಿ. ಬಾಯಲ್ಲಿ ಎಣಿಸುತ್ತಿದ್ದರೆ ಉಸಿರು ತಾನಾಗಿ ಹೊರಗೆ ಬರುತ್ತದೆ. 65 ದಾಟಿದವರಿಗೆ ಸಮತೋಲದ ಅಭ್ಯಾಸವೂ ಅಷ್ಟೇ ಮುಖ್ಯ: ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿ.

ತಂಗಿ, ನೋವು ಮತ್ತು ಊತವಿಲ್ಲದ ಲಟಕ್ ಸದ್ದಿಗೆ ಹೆದರಬೇಡಿ. ಶುರು ಮಾಡಿದ ಮರುದಿನ, ಅದರ ಮರುದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದು ಕಷ್ಟವಾಗುತ್ತದೆ, ಅದು ಹೊಸ ದುಡಿಮೆಯ ನೋವು, ತಾನಾಗಿ ಹೋಗುತ್ತದೆ. ಕೀಲಿನೊಳಗೆ ಚುಚ್ಚಿದರೆ, ಸೊಂಟದಿಂದ ಕಾಲಿಗೆ ಜೋಮು ಇಳಿದರೆ, ಎದೆ ಹಿಡಿದರೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗಿ. ಊಟದಲ್ಲಿ ಪ್ರೋಟೀನ್ ಇರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಹೇಳುತ್ತದೆ. 60 ಕಿಲೋ ಇದ್ದವರಿಗೆ ಅದು 50 ಗ್ರಾಂ. ಅನ್ನದ ಮೇಲೆ ತಿಳಿಸಾರು ಸುರಿದುಕೊಂಡರೆ ಅಷ್ಟು ಸಿಗದು. ಮಡಿಕೆ ಕಾಳಿನ ಉಸುಳಿ, ಹುರುಳಿ, ಮೊಸರು, ತಿನ್ನುವವರಾದರೆ ಮೊಟ್ಟೆ.

ಇನ್ನು ಅತ್ತೆಯವರ ವಿಷಯ. ಬಿದ್ದವರನ್ನು ಒಬ್ಬರೇ ಎತ್ತಬಾರದು, ನಾಳೆ ನೀವು ಎಷ್ಟೇ ಗಟ್ಟಿಯಾದರೂ ಇದು ನೆನಪಿರಲಿ. ತಲೆಗೆ ಪೆಟ್ಟಾಗಿದ್ದರೆ, ಸೊಂಟದ ಕೀಲಿನಲ್ಲಿ ತೀವ್ರ ನೋವಿದ್ದರೆ, ಒಂದು ಕಾಲು ಗಿಡ್ಡವಾಗಿ ಅಥವಾ ಹೊರಕ್ಕೆ ತಿರುಗಿದಂತೆ ಕಂಡರೆ ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಏನೂ ಆಗಿಲ್ಲವೆಂದರೆ ಮೊದಲು ನೆಲವನ್ನು ಒಣಗಿಸಿ. ಅವರು ನಿಧಾನವಾಗಿ ಒಂದು ಮಗ್ಗುಲಿಗೆ ಹೊರಳಲಿ, ಮೊಣಕೈ ಊರಲಿ, ಆಮೇಲೆ ಮಂಡಿ ಮತ್ತು ಅಂಗೈಗಳ ಮೇಲೆ ಬರಲಿ. ಮಂಡಿಯ ಕೆಳಗೆ ಮಡಿಸಿದ ಟವೆಲ್ ಹಾಕಿ. ಅವರ ಎದುರಿಗೆ ಗಟ್ಟಿ ಕುರ್ಚಿ ಇಡಿ. ಅದರ ಮೇಲೆ ಎರಡೂ ಕೈ ಊರಿ, ಬಲವಿರುವ ಕಾಲಿನ ಪಾದವನ್ನು ನೆಲಕ್ಕಿಟ್ಟು, ತಳ್ಳಿಕೊಂಡು ಅವರೇ ಏಳಬೇಕು. ನೀವು ಪಕ್ಕದಲ್ಲಿದ್ದು ಸೊಂಟಕ್ಕೆ ಆಸರೆ ಕೊಡಿ, ಇನ್ನೊಂದು ಕುರ್ಚಿಯನ್ನು ಅವರ ಹಿಂದೆ ತಂದಿಟ್ಟು ಕೂರಿಸಿ. ಇದನ್ನು ಅವರು ಚೆನ್ನಾಗಿರುವ ದಿನವೇ ಹಾಲ್‌ನಲ್ಲಿ ಚಾಪೆಯ ಮೇಲೆ ಇಬ್ಬರೂ ಮಾಡಿ ರೂಢಿ ಮಾಡಿಕೊಳ್ಳಿ. ಭಾನುವಾರ ಮಾಡಿ, ಎದುರು ಮನೆಯ ಕಾಕುವನ್ನೂ ಕರೆಯಿರಿ. ನೀವು ಕಚೇರಿಯಲ್ಲಿರುವಾಗ ಓಡಿ ಬರುವವರು ಅವರೇ, ಅವರಿಗೂ ಗೊತ್ತಿರಬೇಕು. ಸ್ನಾನದ ಮನೆಯ ಗೋಡೆಗೆ ಕೈ ಹಿಡಿಯುವ ಸರಳನ್ನು ಈ ವಾರವೇ ಹಾಕಿಸಿ.