ಸಹಾಯ ಬೇಕು: ಉಂಡೆ ಆಕಾರದ ಮೆಟಲ್ ಯೋಯೋ ಬೇಗ ವಾಲುತ್ತಿದೆ

ನಮಸ್ಕಾರ. ನನ್ನ ಹಳೆಯ ಯೋಯೋ ಬೈಮೆಟಲ್. ಅಲ್ಯೂಮಿನಿಯಂ ಮೈ, ಅಂಚಿಗೆ ಸ್ಟೀಲ್ ಬಳೆ. ತೂಕ ಅಂಚಿನಲ್ಲಿರುವುದರಿಂದ ತುಂಬಾ ಹೊತ್ತು ತಿರುಗುತ್ತದೆ. ಈಗ ತಗೊಂಡಿರುವುದು ಚೂಪು ಅಂಚೇ ಇಲ್ಲದ, ಉಂಡೆಯಂಥದ್ದು. 50 ಮಿ.ಮೀ. ವ್ಯಾಸ, 66 ಗ್ರಾಂ. ಅಂಗೈಯಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ಅಂದ್ರೆ, ಅದಕ್ಕೇ ಮನಸೋತೆ! ಆದರೆ ನಾಲ್ಕು ಟ್ರಿಕ್ ಮುಗಿಯುವಷ್ಟರಲ್ಲಿ ವಾಲಿಬಿಡುತ್ತದೆ. ದಾರ ಪಕ್ಕಕ್ಕೆ ಉಜ್ಜುತ್ತದೆ. ತೂಕ ನಡುವಿಗೆ ಹತ್ತಿರವಿದ್ದರೆ ಹೀಗೇ ಅಲ್ವಾ, ಗೊತ್ತು. ಆದರೂ ಇಷ್ಟೊಂದಾ? ನನ್ನ ಎಸೆತವೇ ಸೊಟ್ಟವಾ?

ಇನ್ನೊಂದು ವಿಷಯ. ಮೊನ್ನೆ ಗ್ರಾನೈಟ್ ನೆಲಕ್ಕೆ ಬಡಿಯಿತು. ಆಮೇಲೆ ತಿರುಗುವಾಗ ಉಗುರು ತಾಗಿಸಿದರೆ ಸಣ್ಣಗೆ ನಡುಗುತ್ತದೆ. ಸಿ ಸೈಜ್ (ಯೋಯೋಗಳಲ್ಲಿ ಸಾಮಾನ್ಯವಾದ ಅಳತೆ) ಬೇರಿಂಗ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಎರಡು ಭಾಗಗಳನ್ನು ಜೋಡಿಸುವ ನಡುವಿನ ಕಡ್ಡಿ, ಅಂದ್ರೆ ಆಕ್ಸಲ್ ಬಗ್ಗಿದೆಯಾ? ಮನೆಯಲ್ಲೇ ನೋಡುವುದು ಹೇಗೆ? ಎಂ4 (4 ಮಿ.ಮೀ. ದಪ್ಪದ) ಆಕ್ಸಲ್ ಬೆಂಗಳೂರಲ್ಲಿ ಬಿಡಿಯಾಗಿ ಸಿಗುತ್ತದಾ?