ಮೂರು ಚಕ್ರದ ಪುಟ್ಟ ಸ್ಟ್ರಾಲರ್ ಬೆಂಗಳೂರಿನ ಫುಟ್‌ಪಾತಿಗೆ ಹೊಂದುತ್ತದೆಯೇ?

ಪ್ರಶ್ನೆ:
ನಮ್ಮ ಮಗಳಿಗೆ ಈಗ ಹತ್ತು ತಿಂಗಳು. ಮಲ್ಲೇಶ್ವರದಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ ವಾಸವಿರುವುದರಿಂದ, ಮಡಚಿ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಮೂರು ಚಕ್ರದ ಸ್ಟ್ರಾಲರ್ ಕೊಳ್ಳಬೇಕೆಂದಿದ್ದೇವೆ. ಏನೇನು ಪರೀಕ್ಷಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಮುಂದೆ ಒಂದೇ ಚಕ್ರವಿರುವುದರಿಂದ ಇಕ್ಕಟ್ಟಿನಲ್ಲಿ ಸಲೀಸಾಗಿ ತಿರುಗುತ್ತದೆ. ಆದರೆ ಫುಟ್‌ಪಾತಿನಿಂದ ಓರೆಯಾಗಿ ಇಳಿಸಿದರೆ ಪಕ್ಕಕ್ಕೆ ವಾಲುವ ಸಂಭವ ನಾಲ್ಕು ಚಕ್ರದ್ದಕ್ಕಿಂತ ಹೆಚ್ಚು. ಆದ್ದರಿಂದ ಹಿಂದಿನ ಚಕ್ರಗಳ ನಡುವೆ ಸಾಕಷ್ಟು ಅಂತರವಿದೆಯೇ, ಮುಂದಿನ ಚಕ್ರವನ್ನು ನೇರವಾಗಿ ಲಾಕ್ ಮಾಡಲು ಬರುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಿ. ನಮ್ಮ ಏರುಪೇರಾದ ಕಲ್ಲುಚಪ್ಪಡಿಗಳ ಸಂದಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ಚಕ್ರಗಳು ಸಿಕ್ಕಿಕೊಳ್ಳುತ್ತವೆ. ಗಾಳಿ ತುಂಬುವ ಟೈರು ಮೆತ್ತಗೆ ಓಡುತ್ತದೆಯಾದರೂ ಪಂಕ್ಚರ್ ಆಗುತ್ತದೆ, ತೂಕವೂ ಹೆಚ್ಚು; ನನ್ನ ಮತ ಫೋಮ್ ತುಂಬಿದ ಟೈರಿಗೆ.

ಉತ್ತರ 2:
ಎರಡು ಭುಜ, ಸೊಂಟದ ಎರಡು ಬದಿ ಮತ್ತು ಕಾಲುಗಳ ನಡುವೆ ಹಿಡಿಯುವ ಐದು ಬಿಂದುಗಳ ಬೆಲ್ಟ್ ಇಲ್ಲದಿದ್ದರೆ ಬೇಡವೇ ಬೇಡ. ಯುರೋಪಿನ ಇಎನ್ 1888 ಸುರಕ್ಷತಾ ಮಾನದಂಡದ ಉಲ್ಲೇಖವಿದ್ದರೆ ಒಳ್ಳೆಯದು. ಹ್ಯಾಂಡಲಿಗೆ ತರಕಾರಿ ಚೀಲ ತೂಗುಹಾಕಬೇಡಿ (ಅತ್ತೆಯವರಿಗೆ ಇದನ್ನು ಹೇಳುವುದೇ ಕಷ್ಟ); ಹಗುರವಾದ ಗಾಡಿ ಹಿಂದಕ್ಕೆ ಮಗುಚುತ್ತದೆ.

ಉತ್ತರ 3:
ಮಡಚಿದಾಗಿನ ಅಳತೆಯನ್ನೂ ಕೇಳಿ. ಸಿಎನ್‌ಜಿ ಟ್ಯಾಕ್ಸಿಗಳಲ್ಲಿ ಡಿಕ್ಕಿಯ ಬಹುಭಾಗವನ್ನು ಸಿಲಿಂಡರೇ ಆಕ್ರಮಿಸಿರುತ್ತದೆ. ಮೂರು ಚಕ್ರದ ಹಲವು ಮಾದರಿಗಳು ಮಡಚಿದ ಮೇಲೂ ದಪ್ಪವಾಗಿಯೇ ಉಳಿಯುತ್ತವೆ. ನಿಮ್ಮ ಮೆಟ್ಟಿಲುಗಳನ್ನು ನೆನೆದರೆ, ಏಳು ಕಿಲೋ ಮೀರಿದ್ದನ್ನು ನಾನಂತೂ ಕೊಳ್ಳುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮಗುವನ್ನೂ ಕರೆದೊಯ್ದು, ಕೂರಿಸಿ, ತಳ್ಳಿ ನೋಡಿಯೇ ತೀರ್ಮಾನಿಸುತ್ತೇವೆ.