ವಿಂಡೋಸ್ 11 ಪ್ರಿವ್ಯೂ ಹಾಕಲು ಹೋದರೆ ಡಿಸ್ಕ್ ಲಿಸ್ಟೇ ಖಾಲಿ! ಬೇಗ ಹೇಳಿ

ಗುಮ್ಮಟ_ಪ್ರತಿಧ್ವನಿ, ವಿಜಯಪುರ
ತಲೆ ಕೆಟ್ಟು ಮೊಸರು ಗಡಿಗೆ ಆಗಿದೆ. ಬಿಡುಗಡೆಗೆ ಮುಂಚೆ ವಿಂಡೋಸ್ ಪರೀಕ್ಷೆಗೆ ಕೊಡುವ ಇನ್‌ಸೈಡರ್ ಪ್ರೋಗ್ರಾಂಗೆ ಸೇರಿ, ಇನ್ನೂ ಪಕ್ಕಾ ಆಗದ ಬಿಲ್ಡ್ ಬರುವ ಡೆವ್ ಚಾನೆಲ್‌ನ ಐಎಸ್ಒ (ಇನ್‌ಸ್ಟಾಲ್ ಫೈಲ್) ಇಳಿಸಿಕೊಂಡೆ. ನಡುವೆ ಕರೆಂಟ್ ಬೇರೆ ಹೋಯ್ತು, ಅದು ಬೇರೆ ಕಥೆ. ಪೆನ್‌ಡ್ರೈವ್ ಮಾಡಿದೆ, ಬೂಟ್ ಆಯ್ತು, ಭಾಷೆ ಕೇಳಿತು, ಕೀ ಇಲ್ಲ ಅಂದೆ. ಆಮೇಲೆ ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳುವ ಪರದೆ ಬರುತ್ತಲ್ಲ, ಅಲ್ಲಿ ಏನೂ ಇಲ್ಲ. ಸಿ ಇಲ್ಲ, ಡಿ ಇಲ್ಲ, ಖಾಲಿ ಜಾಗ ಅಂತಲೂ ತೋರಿಸಲ್ಲ. ರಿಫ್ರೆಶ್ ಒತ್ತಿ ಒತ್ತಿ ಸಾಕಾಯ್ತು. ಲ್ಯಾಪ್‌ಟಾಪ್ ಒಳ್ಳೆಯದೇ ಇದೆ. ಈಗಿರುವ ವಿಂಡೋಸ್ ಆರಾಮಾಗಿ ಓಡ್ತಿದೆ. ಹಾಗಾಗಿ ಡಿಸ್ಕ್ ಹೋಗಿದೆ ಅಂತ ಮಾತ್ರ ಹೇಳಬೇಡಿ. ಸೋಮವಾರ ಕಾಲೇಜಿನಲ್ಲಿ ಪ್ರಾಜೆಕ್ಟ್ ರಿವ್ಯೂ ಇದೆ.

ನವನಗರ_ಸೆಕ್ಟರ್, ಬಾಗಲಕೋಟೆ
ಪೆನ್‌ಡ್ರೈವ್ ಸರಿಯಾಗಿ ಆಗಿಲ್ಲ. ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಈಗಿನ ಐಎಸ್ಒಗಳಲ್ಲಿ ಇನ್‌ಸ್ಟಾಲ್.ವಿಮ್ ಅನ್ನುವ ಫೈಲ್ ಒಂದೇ ಅದನ್ನು ದಾಟುತ್ತೆ. ಸುಮ್ನೆ ಕಾಪಿ ಪೇಸ್ಟ್ ಮಾಡಿದ್ರೆ ಹೀಗೇ ಆಗೋದು. ಬೂಟ್ ಪೆನ್‌ಡ್ರೈವ್ ಮಾಡುವ ರೂಫಸ್ ಸಾಫ್ಟ್‌ವೇರ್‌ನಲ್ಲಿ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಇಟ್ಟು ಮತ್ತೆ ಮಾಡಿ.

ಗುಮ್ಮಟ_ಪ್ರತಿಧ್ವನಿ
ರೂಫಸ್‌ನಲ್ಲೇ ಮಾಡಿದ್ದು ಸರ್.

ನವನಗರ_ಸೆಕ್ಟರ್
ಹಾಗಾದರೆ ಪೋರ್ಟ್. ನೀಲಿ ಪೋರ್ಟ್ ಬಿಟ್ಟು ಕಪ್ಪು ಪೋರ್ಟ್‌ಗೆ ಹಾಕಿ. ಯುಎಸ್‌ಬಿ 2ರಲ್ಲಿ ಹೋಗುತ್ತೆ.

ಟಿಳಕವಾಡಿ_ಟಕ್ಕರ್, ಬೆಳಗಾವಿ
ಇದು ಜಿಪಿಟಿ-ಎಂಬಿಆರ್ ಗಲಾಟೆ, ಅಂದರೆ ಡಿಸ್ಕ್ ಭಾಗ ಮಾಡುವ ಹೊಸ ರೀತಿ, ಹಳೇ ರೀತಿ. ಶಿಫ್ಟ್ ಎಫ್10 ಒತ್ತಿ ಕಮಾಂಡ್ ಪ್ರಾಂಪ್ಟ್ ತೆಗೆದು, ಡಿಸ್ಕ್‌ಪಾರ್ಟ್ ಓಡಿಸಿ, ಕ್ಲೀನ್ ಕೊಟ್ಟು, ಜಿಪಿಟಿಗೆ ಕನ್ವರ್ಟ್ ಮಾಡಿ. ಐದು ನಿಮಿಷದ ಕೆಲಸ.

ಆಲಮಟ್ಟಿ_ಹಿನ್ನೀರು
ಕ್ಲೀನ್ ಅಂತ ಹೇಳುವ ಮುಂಚೆ ಒಂದು ಮಾತು ಎಚ್ಚರಿಕೆ ಕೊಡಿ ಮಾರಾಯ್ರೇ, ಅದು ಡಿಸ್ಕ್ ಪೂರ್ತಿ ಅಳಿಸುತ್ತೆ. ಹುಡುಗನ ಪ್ರಾಜೆಕ್ಟ್ ಅದರಲ್ಲೇ ಇದೆ. ಮತ್ತೆ ಎಂಬಿಆರ್ ತೊಂದರೆ ಆಗಿದ್ದರೆ ಡಿಸ್ಕ್ ಕಾಣುತ್ತೆ, ಕಂಡ ಮೇಲೆ ಇದರಲ್ಲಿ ಹಾಕೋಕೆ ಆಗಲ್ಲ ಅನ್ನುತ್ತೆ. ಇಲ್ಲಿ ಕಾಣ್ತಾನೇ ಇಲ್ಲ. ಎರಡೂ ಬೇರೆ ಬೇರೆ. ತಮ್ಮಾ, ಡಿಸ್ಕ್‌ಪಾರ್ಟ್‌ನಲ್ಲಿ ಲಿಸ್ಟ್ ಡಿಸ್ಕ್ ಅಷ್ಟೇ ಕೊಡು. ಏನು ಬರುತ್ತೆ ಹೇಳು. ಹಾಗೇ ಪ್ರೊಸೆಸರ್ ಯಾವುದು?

ಕೃಷ್ಣಾ_ತೀರ
ಟಿಪಿಎಂ, ಅಂದರೆ ವಿಂಡೋಸ್ 11 ಕೇಳುವ ಭದ್ರತಾ ಚಿಪ್, ಆನ್ ಇದೆಯಾ? ಇಲ್ಲದಿದ್ದರೆ ರಿಜಿಸ್ಟ್ರಿಯಲ್ಲಿ ಲ್ಯಾಬ್‌ಕಾನ್ಫಿಗ್ ಅಂತ ಕೀ ಮಾಡಿ ಬೈಪಾಸ್‌ಟಿಪಿಎಂಚೆಕ್‌ಗೆ 1 ಕೊಡಿ. ನಾನು 2021ರಲ್ಲಿ ಮೊದಲ ಪ್ರಿವ್ಯೂ ಬಿಲ್ಡ್ 22000.51 ಬಂದಾಗಲೇ ಹೀಗೆ ಹಾಕಿದ್ದೆ. ಅಕ್ಟೋಬರ್ 5ಕ್ಕೆ ಎಲ್ಲರಿಗೂ ಬರುವ ಹೊತ್ತಿಗೆ ನನಗೆ ಹಳೇದಾಗಿತ್ತು.

ಟಿಳಕವಾಡಿ_ಟಕ್ಕರ್
ಟಿಪಿಎಂ ಇಲ್ಲದಿದ್ದರೆ ಈ ಪಿಸಿಯಲ್ಲಿ ವಿಂಡೋಸ್ 11 ನಡೆಯಲ್ಲ ಅಂತ ನೇರವಾಗಿ ಹೇಳುತ್ತೆ. ಡಿಸ್ಕ್ ಬಚ್ಚಿಡಲ್ಲ. ಇಷ್ಟಕ್ಕೂ ಇರುವ ಒಂದೇ ಮಷೀನ್‌ಗೆ, ಅದೂ ರಿವ್ಯೂ ವಾರದಲ್ಲಿ, ಡೆವ್ ಚಾನೆಲ್ ಯಾಕೆ ಬೇಕು? ವಿಂಡೋಸ್ ಒಳಗೇ ಇನ್ನೊಂದು ಪಿಸಿಯಂತೆ (ವಿಎಂ) ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಹಾಕಿ ನೋಡೋದಲ್ವಾ? 7.0ರಿಂದ ಅದರಲ್ಲೂ ಟಿಪಿಎಂ ಇದೆ.

ಗುಮ್ಮಟ_ಪ್ರತಿಧ್ವನಿ
ರ‍್ಯಾಮ್ 8 ಜಿಬಿ ಸರ್. ಬ್ರೌಸರ್ ತೆಗೆದರೇ ಉಸಿರು ಕಟ್ಟುತ್ತೆ, ಅದರ ಮೇಲೆ ವಿಎಂ ಬೇರೆಯಾ? ಕಪ್ಪು ಪೋರ್ಟ್ ನೋಡಿದೆ, ಅದೇ ಕಥೆ. ಲಿಸ್ಟ್ ಡಿಸ್ಕ್ ಕೊಟ್ಟರೆ ಪೆನ್‌ಡ್ರೈವ್ ಒಂದೇ ಬರುತ್ತೆ. ಪ್ರೊಸೆಸರ್ ಐ5.

ಆಲಮಟ್ಟಿ_ಹಿನ್ನೀರು
ಐ5 2009ರಿಂದಲೂ ಇದೆ ತಮ್ಮಾ. ಪೂರ್ತಿ ನಂಬರ್ ಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ತೆಗೆದರೆ ಮೇಲೆಯೇ ಬರೆದಿರುತ್ತೆ.

ನವನಗರ_ಸೆಕ್ಟರ್
ಪ್ರೊಸೆಸರ್ ನಂಬರ್ ಯಾಕೆ ಬೇಕು? ಪೆನ್‌ಡ್ರೈವ್ ಬೇರೆ ತಗೊಂಡು ನೋಡಲಿ. ಸಂತೆಯಲ್ಲಿ ಸಿಗುವ 64 ಜಿಬಿ ಪೆನ್‌ಡ್ರೈವ್‌ಗಳಲ್ಲಿ ಅರ್ಧ ಸುಳ್ಳೇ ಇರುತ್ತೆ. ಒಳಗೆ 8 ಜಿಬಿ ಇದ್ದು ಹೊರಗೆ 64 ಅಂತ ತೋರಿಸುತ್ತೆ.

ಖಾನಾಪುರ_ಕಾಡು
ನಾನು ಐಎಸ್ಒಗಳನ್ನೆಲ್ಲ ಒಂದೇ 256 ಜಿಬಿ ಎಸ್ಎಸ್‌ಡಿಯಲ್ಲಿ ವೆಂಟಾಯ್ ಅನ್ನುವ ಬೂಟ್ ಸಾಫ್ಟ್‌ವೇರ್ ಹಾಕಿ ಇಟ್ಟಿದ್ದೇನೆ. ಬೇಕಾದದ್ದು ಆರಿಸಿ ಬೂಟ್ ಮಾಡೋದಷ್ಟೇ. ರೈಝೆನ್, 64 ಜಿಬಿ ರ‍್ಯಾಮ್, ಎರಡು ಮಾನಿಟರ್. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ದಿನಾ ಹೋಗುತ್ತೆ. ನನ್ನ ಮಷೀನ್ ಒಮ್ಮೆಯೂ ಬಂದ್ ಆಗಿಲ್ಲ.

ಗುಮ್ಮಟ_ಪ್ರತಿಧ್ವನಿ
ಐ5-1135ಜಿ7. 512 ಜಿಬಿ ಎನ್‌ವಿಎಂಇ ಎಸ್ಎಸ್‌ಡಿ. ಇದೆಲ್ಲ ಎಲ್ಲರ ಹತ್ತಿರ ಇರೋದೇ ಅಲ್ವಾ, ಅದಕ್ಕೇ ಬರೆದಿರಲಿಲ್ಲ.

ಆಲಮಟ್ಟಿ_ಹಿನ್ನೀರು
ಸಿಕ್ಕಿತು ನೋಡು. 11ನೇ ತಲೆಮಾರು. ಇವುಗಳಲ್ಲಿ ಇಂಟೆಲ್ ವಿಎಂಡಿ ಅಂತ ಒಂದು ಕಂಟ್ರೋಲರ್ ಪ್ರೊಸೆಸರ್ ಒಳಗೇ ಇರುತ್ತೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪರದೆ) ಅದು ಆನ್ ಇದ್ದರೆ ಎನ್‌ವಿಎಂಇ ಅದರ ಹಿಂದೆ ನಿಲ್ಲುತ್ತೆ. ವಿಂಡೋಸ್ ಸೆಟಪ್‌ಗೆ ಆ ಕಂಟ್ರೋಲರ್‌ನ ಡ್ರೈವರ್ ಗೊತ್ತಿಲ್ಲ ಅಂದರೆ ಹಿಂದಿರುವ ಡಿಸ್ಕ್ ಕೂಡ ಕಾಣಲ್ಲ. ನಿನ್ನ ಈಗಿನ ವಿಂಡೋಸ್‌ನಲ್ಲಿ ಡ್ರೈವರ್ ಮೊದಲೇ ಇದೆ, ಅದಕ್ಕೇ ಆರಾಮಾಗಿ ಓಡ್ತಿದೆ. ಡಿಸ್ಕ್‌ಗೆ ಏನೂ ಆಗಿಲ್ಲ, ಪೆನ್‌ಡ್ರೈವ್‌ಗೂ ಏನೂ ಆಗಿಲ್ಲ.

ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿನ್ನ ಮಾಡೆಲ್ ಹಾಕಿ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿಕೊ, ವಿಎಂಡಿಯ ಡ್ರೈವರ್ ಅದರಲ್ಲೇ ಇರುತ್ತೆ. ಅದು ಸೆಟಪ್‌ಆರ್‌ಎಸ್‌ಟಿ.ಇಎಕ್ಸ್‌ಇ ಆಗಿದ್ದರೆ ಹಾಗೇ ಪೆನ್‌ಡ್ರೈವ್‌ಗೆ ಹಾಕಿ ಉಪಯೋಗ ಇಲ್ಲ, ಬಿಡಿಸಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಆ ಫೈಲ್ ಹೆಸರು, ಒಂದು ಸ್ಪೇಸ್, ಅಡ್ಡಗೆರೆ (-), ಅದಕ್ಕೆ ಅಂಟಿಸಿ ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್, ಮತ್ತೊಂದು ಸ್ಪೇಸ್, ಕೊನೆಗೆ ಫೋಲ್ಡರ್ ಹೆಸರು. ಬಂದ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡು. ಸೆಟಪ್‌ನಲ್ಲಿ ಆ ಖಾಲಿ ಪರದೆ ಬಂದಾಗ ಲೋಡ್ ಡ್ರೈವರ್, ಬ್ರೌಸ್, ಆ ಫೋಲ್ಡರ್. ವಿಎಂಡಿ ಕಂಟ್ರೋಲರ್ 9ಎ0ಬಿ ಅಂತ ಬಂದರೆ ಅದೇ ನಿನ್ನದು.

ನವನಗರ_ಸೆಕ್ಟರ್
ಇಷ್ಟೆಲ್ಲ ಯಾಕ್ರಿ? ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿದ್ರೆ ಮುಗೀತು.

ಆಲಮಟ್ಟಿ_ಹಿನ್ನೀರು
ಎಲ್ಲ ಅಳಿಸಿ ಹೊಸದಾಗಿ ಹಾಕುವವರಿಗೆ ಅದು ಸರಿ. ಇವನ ಹಳೇ ವಿಂಡೋಸ್ ವಿಎಂಡಿ ಆನ್ ಇದ್ದಾಗ ಹಾಕಿದ್ದು. ಆಫ್ ಮಾಡಿದರೆ ಅದು ಏಳದೇ ಇರಬಹುದು. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ ಬಯಾಸ್ ಮುಟ್ಟಿದ ಮೇಲೆ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳುವ ಸಾಧ್ಯತೆಯೂ ಇದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯಾ ನೋಡಿ ಬರೆದುಕೊಂಡು ಮುಂದಿನ ಕೆಲಸ.

ಗುಮ್ಮಟ_ಪ್ರತಿಧ್ವನಿ
ನವನಗರ ಸರ್ ಹೇಳಿದ್ದು ನೋಡಿ ಆಫ್ ಮಾಡಿಬಿಟ್ಟೆ. ಈಗ ಹಳೇ ವಿಂಡೋಸ್ ಬರ್ತಾ ಇಲ್ಲ!! ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತೆ. ಫೋನಿನಿಂದ ಬರೀತಿದ್ದೇನೆ. ಪ್ರಾಜೆಕ್ಟ್ ಹೋಯ್ತಾ??

ಟಿಳಕವಾಡಿ_ಟಕ್ಕರ್
ಏನೂ ಹೋಗಿಲ್ಲ. ಬಯಾಸ್‌ನಲ್ಲಿ ವಿಎಂಡಿ ಮತ್ತೆ ಆನ್ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ಬರುತ್ತೆ. ಬಂದ ತಕ್ಷಣ ಪ್ರಾಜೆಕ್ಟ್ ಫೋಲ್ಡರ್ ಬೇರೆ ಕಡೆ ಕಾಪಿ. ಉಳಿದದ್ದೆಲ್ಲ ಆಮೇಲೆ.

ನವನಗರ_ಸೆಕ್ಟರ್
ನಾನು ಹೇಳಿದ್ದು ಹೊಸ ವಿಂಡೋಸ್ ಹಾಕುವವರಿಗೆ. ಹಳೇದು ಉಳಿಸಿಕೊಳ್ಳಬೇಕು ಅಂತ ಅವರು ಮೊದಲ ಪೋಸ್ಟ್‌ನಲ್ಲಿ ಎಲ್ಲಿ ಹೇಳಿದ್ದರು?

ಗುಮ್ಮಟ_ಪ್ರತಿಧ್ವನಿ
ಹಳೇದು ಬಂತು. ಪ್ರಾಜೆಕ್ಟ್ ಗೆಳೆಯನ ಹಾರ್ಡ್ ಡಿಸ್ಕ್‌ಗೆ ಹೋಯ್ತು. ಡ್ರೈವರ್ ಬಿಡಿಸಿ ಹಾಕಿದೆ, 9ಎ0ಬಿ ಬಂತು, ಡಿಸ್ಕೂ ಬಂತು!! ಹಳೇದನ್ನೂ ತೆಗೆದು ಪೂರ್ತಿ ಹೊಸದೇ ಹಾಕಿದೆ. ಈಗ ನೆಟ್‌ವರ್ಕ್‌ಗೆ ಸೇರಿಸಿ ಅನ್ನುವ ಪರದೆಯಲ್ಲಿ ನಿಂತಿದೆ. ವೈಫೈ ತೋರಿಸ್ತಾನೇ ಇಲ್ಲ.

ಕೃಷ್ಣಾ_ತೀರ
ಶಿಫ್ಟ್ ಎಫ್10, ಒಒಬಿಇ ಬ್ಯಾಕ್‌ಸ್ಲ್ಯಾಶ್ ಬೈಪಾಸ್‌ಎನ್‌ಆರ್‌ಒ ಅಂತ ಕೊಡಿ. ನೆಟ್ ಕೇಳಲ್ಲ.

ಆಲಮಟ್ಟಿ_ಹಿನ್ನೀರು
ಡೆವ್ ಚಾನೆಲ್‌ನಲ್ಲಿ ಆ ಸ್ಕ್ರಿಪ್ಟ್ ತೆಗೆದಿದ್ದಾರೆ. 2025ರ ಮಾರ್ಚ್‌ನಲ್ಲಿ 26200.5516 ಬಿಲ್ಡ್ ಜೊತೆಗೇ ಹೇಳಿದ್ದರು. ವೈಫೈ ಡ್ರೈವರ್ ಇಲ್ಲ ಅಷ್ಟೇ. ಆಂಡ್ರಾಯ್ಡ್ ಫೋನ್ ಕೇಬಲ್‌ನಲ್ಲಿ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು. ಆದರೆ ಅಪ್‌ಡೇಟ್ ಶುರುವಾದರೆ ದಿನದ ಡೇಟಾ ಒಂದೇ ಗುಟುಕಿಗೆ ಹೋಗುತ್ತೆ, ನೋಡಿಕೊ.

ಗುಮ್ಮಟ_ಪ್ರತಿಧ್ವನಿ
ಟೆದರಿಂಗ್‌ನಲ್ಲಿ ಆಯ್ತು ಅಣ್ಣಾ. ಡೆಸ್ಕ್‌ಟಾಪ್ ಬಂತು. ಬೇಡ ಅನಿಸಿದರೆ ಚಾನೆಲ್ ಬಿಟ್ಟು ಮಾಮೂಲಿ ವಿಂಡೋಸ್‌ಗೆ ವಾಪಸ್ ಬರಬಹುದಲ್ವಾ?

ಆಲಮಟ್ಟಿ_ಹಿನ್ನೀರು
ಅಪ್‌ಗ್ರೇಡ್ ಮಾಡಿದ್ದರೆ 10 ದಿನದ ಒಳಗೆ ಹಿಂದೆ ಹೋಗುವ ಬಟನ್ ಇರುತ್ತಿತ್ತು. ನೀನು ಅಳಿಸಿ ಹಾಕಿದ್ದೀಯ, ಹಿಂದೆ ಏನೂ ಉಳಿದಿಲ್ಲ. ಡೆವ್‌ನಿಂದ ಕೆಳಗಿನ ಬಿಲ್ಡ್‌ಗೆ ಇಳಿಯಬೇಕು ಅಂದರೆ ಮತ್ತೆ ಪೆನ್‌ಡ್ರೈವ್, ಮತ್ತೆ ಇದೇ ಡ್ರೈವರ್. ಆ ಫೋಲ್ಡರ್ ಅಳಿಸಬೇಡ. ವಿನ್‌ವರ್ ಅಂತ ಕೊಟ್ಟು ನೋಡು, ಈ ಬಿಲ್ಡ್ ಯಾವತ್ತಿಗೆ ಮುಗಿಯುತ್ತೆ ಅಂತ ತಾರೀಕು ಇರುತ್ತೆ.

ಟಿಳಕವಾಡಿ_ಟಕ್ಕರ್
ಖಾನಾಪುರದವರೇ, ನಿಮ್ಮದು ಯುಪಿಎಸ್ಸಾ ಇನ್ವರ್ಟರಾ? ನಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟ್ ಹೋದ ತಕ್ಷಣ ಪಿಸಿ ರೀಸ್ಟಾರ್ಟ್ ಆಗುತ್ತೆ.

ಖಾನಾಪುರ_ಕಾಡು
ಇನ್ವರ್ಟರೇ, 150 ಎಎಚ್ ಬ್ಯಾಟರಿ. ನಿಮ್ಮದರ ಹಿಂದೆ ಒಂದು ಸ್ವಿಚ್ ಇದೆಯಾ ನೋಡಿ, ಇಕೋ ಮೋಡ್ ಯುಪಿಎಸ್ ಮೋಡ್ ಅಂತ. ಯುಪಿಎಸ್‌ಗೆ ಹಾಕಿದರೆ ಬೇಗ ಬದಲಾಗುತ್ತೆ, ಪಿಸಿಗೆ ಗೊತ್ತೇ ಆಗಲ್ಲ. ಫೋಟೋ ಹಾಕ್ತೇನೆ ತಡೀರಿ, ಮಾನಿಟರ್ ಸ್ಟ್ಯಾಂಡ್ ಕೂಡ ನಾನೇ ಮಾಡಿದ್ದು.